ಒದ್ದೆ ಮೈಗೆ ತುಪ್ಪ ಸವರಿದ ಬೊಮ್ಮಾಜಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ಬಸಲಿಂಗವ್ವ. ನಮ್ಮೂರಿನ ಕೂಸುಗಳಿಗೆ ನೀರು ಎರೆಯುವುದು ಅವರ ನೇಮ. ಎರೆದಾದ ಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಶಿವನ ಹೆಸರು ಹೇಳಿ, ಕತೆ ತೆಗೆಯುತ್ತಿದ್ದರು. ಕೂಸಿಗೆ ಕತೆ ಏನು ತಿಳಿಯುತ್ತದೆ ಎಂದು ನಾವು ನಕ್ಕರೆ, "ಕೂಸಿಗಲ್ಲಪ್ಪ, ಕೂಸಿನ ಚರ್ಮಕ್ಕೆ ಹೇಳ್ತೀನಿ" ಅನ್ನುತ್ತಿದ್ದರು. ಅವರು ಹೇಳಿದಂತೆಯೇ ಬರೆದಿದ್ದೇನೆ. ಎಲ್ಲಾದರೂ ಹೆಚ್ಚುಕಡಿಮೆ ಆಗಿದ್ದರೆ ಅದು ನನ್ನ ಮರೆವಿನ ತಪ್ಪು.

ಬಹಳ ಹಿಂದೆ, ಏಳು ಗುಡ್ಡಗಳ ಆಚೆ, ಮಂಜಿನಕೋಟೆ ಎಂಬ ರಾಜ್ಯವಿತ್ತು. ಬೆಳಗಾದರೆ ಅಲ್ಲಿ ಹುಲ್ಲಿನ ಮೇಲೆ, ಹೆಂಚಿನ ಮೇಲೆ, ದನದ ಬೆನ್ನಿನ ಮೇಲೆ ಮಂಜು ಕೂತಿರುತ್ತಿತ್ತು. ರಾಜನ ಹೆಸರು ಹಿಮಧ್ವಜ, ಧರ್ಮ ತಿಳಿದವನು. ರಾಣಿ ಕಳಾವತಿ, ಆಚಾರ ಬಿಡದವಳು. ಹನ್ನೆರಡು ವರ್ಷ ಹರಕೆ ಹೊತ್ತ ಮೇಲೆ ಅವರಿಗೆ ಹುಟ್ಟಿದ ಒಬ್ಬಳೇ ಮಗಳು ಮುಕುಲಾಂಬೆ.

ಆ ನಾಡಿನಲ್ಲಿ ಒಂದು ಕಟ್ಟು ಇತ್ತು. ಮಿಂದವರು ಮೂರು ಬಟ್ಟೆಯಲ್ಲಿ ಮೈ ಒರಸಿಕೊಳ್ಳಬೇಕು. ಮೊದಲನೆಯ ಬಟ್ಟೆ ನೀರಿಗೆ, ಎರಡನೆಯದು ತೇವಕ್ಕೆ, ಮೂರನೆಯದು ಸಂಶಯಕ್ಕೆ. ಒಂದು ಹನಿಯೂ ಉಳಿದಿಲ್ಲ ಎಂದು ಗೊತ್ತಾದ ಮೇಲೆಯೇ ಎಣ್ಣೆಯನ್ನೋ ತುಪ್ಪವನ್ನೋ ಮುಟ್ಟಬೇಕು. ಒದ್ದೆ ಮೈಗೆ ತುಪ್ಪ ಸವರುವುದು ಹೆಣಕ್ಕೆ ಮಾತ್ರ. ತೀರಿಕೊಂಡವರನ್ನು ಮೀಯಿಸಿ, ಒರಸದೆ, ತುಪ್ಪ ಸವರಿ ಕಳಿಸುವುದು ಅಲ್ಲಿಯ ಕ್ರಮ. ಬದುಕಿರುವವರಿಗೆ ಹಾಗೆ ಮಾಡಿದರೆ ಸಾವನ್ನು ಹೆಸರಿಟ್ಟು ಕರೆದಂತೆ ಎಂದು ಎಲ್ಲರೂ ನಂಬಿದ್ದರು. ಗಾಳಿಯಲ್ಲೇ ಪಸೆ ಇದ್ದ ಕಾಲ. ಆ ಕಟ್ಟಿನಿಂದ ಯಾರಿಗೂ ಕೇಡಾಗಿರಲಿಲ್ಲ.

ರಾಜಕುಮಾರಿಗೆ ಹಾಲು ಕೊಟ್ಟು ಬೆಳೆಸಿದವಳು ಕುಂಬಾರ ಗವಿಯಪ್ಪನ ಹೆಂಡತಿ. ಅವಳ ಮಗಳು ಬೊಮ್ಮಾಜಿ ರಾಜಕುಮಾರಿಗಿಂತ ಎರಡು ತಿಂಗಳು ದೊಡ್ಡವಳು. ಒಂದೇ ಎದೆಯ ಹಾಲು ಕುಡಿದವರು ಅಕ್ಕತಂಗಿಯರೇ ತಾನೇ. ತಾಯಿ ತೀರಿಕೊಂಡ ಮೇಲೂ ಬೊಮ್ಮಾಜಿ ಬೆಳಗ್ಗೆ ಅರಮನೆಗೆ ಹೋಗಿ ತಂಗಿಗೆ ಎರೆದು ತಲೆ ಬಾಚಿ ಬರುವಳು. ಮಧ್ಯಾಹ್ನ ತಂದೆಯ ಜೊತೆ ಮಣ್ಣು ತುಳಿಯುವಳು. ಎಲ್ಲರೆದುರು ಅವಳು 'ಅಮ್ಮಣ್ಣಿ' ಅನ್ನುವಳು, ಇಬ್ಬರೇ ಇದ್ದಾಗ 'ಮುಕುಲಿ' ಅನ್ನುವಳು. ರಾಜಕುಮಾರಿ ಮಾತ್ರ ಎಲ್ಲಿದ್ದರೂ 'ಬೊಮ್ಮಕ್ಕ' ಎಂದೇ ಕರೆಯುವಳು.

ಹೀಗಿರುವಾಗ ಒಂದು ದಿನ ಉಪ್ಪಿನ ಬಯಲಿನ ಕಡೆಯಿಂದ ಒಬ್ಬ ವೈದ್ಯ ಬಂದ. ಹೆಸರು ಶುಷ್ಕಕೇತು. ನೂರು ವರ್ಷದ ಮಾತು ಆಡುವನು, ಮುಖ ನೋಡಿದರೆ ಇಪ್ಪತ್ತರ ಹರೆಯ. ಮೈ ತಾವರೆ ಎಲೆಯ ಹಾಗೆ ಹೊಳೆಯುವುದು. ಅವನು ಬೆಳಗುಪುಡಿ ಎಂಬ ಬಿಳಿಯ ಪುಡಿಯೊಂದನ್ನು ತಂದಿದ್ದ. ಕುದಿಯುವಷ್ಟು ಬಿಸಿನೀರು ಹುಯ್ದುಕೊಂಡು, ಈ ಪುಡಿಯಲ್ಲಿ ಗಸಗಸ ತಿಕ್ಕಿ, ಬೆರಳಿಟ್ಟರೆ ಬೆಳಗಿದ ಹಿತ್ತಾಳೆ ತಂಬಿಗೆಯಂತೆ ಚರ್ಮ ಕಿರ್ ಎನ್ನಬೇಕು, ಅದೇ ನಿಜವಾದ ಶುಚಿ ಎಂದು ಸಾರಿದ. ಶುಚಿ ಎಂಬ ಮಾತು ರಾಣಿಗೆ ಹಿಡಿಸಿತು. ಅರಮನೆ ತಿಕ್ಕಿತು, ಅರಮನೆಯನ್ನು ನೋಡಿ ಊರು ತಿಕ್ಕಿತು. ಮೊದಲ ವಾರ ಎಲ್ಲರೂ ಹೊಳೆದರು.

ಅವನು ವೈದ್ಯನಾಗಿರಲಿಲ್ಲ, ಮಾಯಾವಿಯಾಗಿದ್ದ. ಆ ಪುಡಿ ತಗುಲಿದ ಚರ್ಮದ ಪಸೆಯೆಲ್ಲ ಗಾಳಿಯಲ್ಲಿ ಹರಿದು ಬಂದು ಅವನ ಮಂಚದ ಕೆಳಗಿನ ಸೋರೆಬುರುಡೆಗಳಲ್ಲಿ ಸೇರುತ್ತಿತ್ತು. ಅದನ್ನು ಕುಡಿದೇ ಅವನು ಹರೆಯ ಉಳಿಸಿಕೊಂಡಿದ್ದ. ತಿಂಗಳು ಕಳೆಯುವುದರೊಳಗೆ ಮಂಜಿನಕೋಟೆಯಲ್ಲಿ ಮಂಜು ಬೀಳುವುದು ನಿಂತಿತು.

ಎಲ್ಲರಿಗಿಂತ ಹೆಚ್ಚು ಬಾಧೆ ಪಟ್ಟವಳು ಮುಕುಲಾಂಬೆ. ಮೊದಲು ಮೈ ಬಿಗಿಯಿತು, ಚಿಕ್ಕ ಅಂಗಿ ತೊಟ್ಟಂತೆ. ಆಮೇಲೆ ಕೆನ್ನೆಯ ಮೇಲೆ ಈರುಳ್ಳಿ ಸಿಪ್ಪೆಯಂಥ ಸಣ್ಣ ಗೆರೆಗಳು ಬಿದ್ದವು. ಹಣೆ ಜಿಡ್ಡಿನಿಂದ ಮಿರುಗುತ್ತಿತ್ತು, ಆದರೂ ಅದೇ ಹಣೆ ಎಳೆಯುತ್ತದೆ, ಉರಿಯುತ್ತದೆ ಎಂದು ಅವಳು ನರಳುತ್ತಿದ್ದಳು. ಬೊಮ್ಮಾಜಿ ತಂಗಿಯ ಮೇಲಿನ ಪ್ರೀತಿಯಿಂದ ಇನ್ನೂ ಚೆನ್ನಾಗಿ ತಿಕ್ಕಿದಳು. ಮೂರು ಬಟ್ಟೆಯಲ್ಲಿ ಒರಸಿ, ಒಣಗಿದ ಮೈಗೆ ಬಟ್ಟಲುಗಟ್ಟಲೆ ಎಳ್ಳೆಣ್ಣೆ ಹಚ್ಚಿದಳು. ಎಣ್ಣೆ ಮೇಲೇ ನಿಂತಿತು, ಬಿಗಿತ ಒಳಗೇ ಉಳಿಯಿತು. ಕೊನೆಗೆ ಹಿಮ್ಮಡಿ ಬಿರಿಯಿತು. ಬಿರುಕಿನಿಂದ ರಕ್ತ ಬರಲಿಲ್ಲ, ಬಿಳಿಯ ಉಪ್ಪು ಉದುರಿತು. ಬೊಮ್ಮಾಜಿ ಮುಟ್ಟಿ ನೋಡಿದಳು. ಬಿರಿದಷ್ಟು ಜಾಗ ಕಲ್ಲುಪ್ಪಾಗಿತ್ತು.

ಬಿರುಕು ದಿನಕ್ಕೆ ಅರ್ಧ ಗೇಣು ಮೇಲೇರುತ್ತಿತ್ತು. ಅದು ಮೊಣಕಾಲಿಗೆ ಬಂದ ದಿನ ಬೊಮ್ಮಾಜಿ ಗೇಣು ಹಾಕಿ ಅಳೆದಳು. ಎದೆ ಮುಟ್ಟಲು ಒಂಬತ್ತು ದಿನ ಉಳಿದಿತ್ತು. ಎದೆ ಉಪ್ಪಾದರೆ ಉಸಿರು ಎಲ್ಲಿಂದ ಬರಬೇಕು. ಶುಷ್ಕಕೇತು ಬಂದು ನೋಡಿ, ಪುಡಿ ಸಾಲದು, ದಿನಕ್ಕೆರಡು ಸಲ ತಿಕ್ಕಿ ಎಂದು ಹೇಳಿ ಹೋದ.

ಆ ಮಧ್ಯಾಹ್ನ ಬೊಮ್ಮಾಜಿ ತಂದೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಗವಿಯಪ್ಪ ಮಡಕೆಯ ಚಕ್ರವಾದ ತಿಗರಿಯನ್ನು ನಿಲ್ಲಿಸಲಿಲ್ಲ, ಕೇಳುತ್ತಲೇ ಇದ್ದ. ಆಮೇಲೆ ಒದ್ದೆ ಗೋಣಿ ಹೊದಿಸಿಟ್ಟ ಹಸಿ ಮಡಕೆಗಳ ಕಡೆ ಕೈ ತೋರಿಸಿದ.

"ಹಸಿ ಮಡಕೆ ಬಿರುಕು ಬಿಟ್ಟರೆ ನಾವು ಎಣ್ಣೆ ಸವರ್ತೀವೇನವ್ವ?"

"ಇಲ್ಲ. ನೀರು ಚಿಮುಕಿಸಿ ಗೋಣಿ ಮುಚ್ತೀವಿ."

"ಮಡಕೆಗೆ ಗೊತ್ತಿರೋದು ಅರಮನೆಗೆ ಗೊತ್ತಿಲ್ಲ."

ಬೊಮ್ಮಾಜಿ, ಇಷ್ಟು ದಿನ ತನ್ನ ಕೈಯಾರೆ ತಂಗಿಯನ್ನು ಒಣಗಿಸಿದೆನಲ್ಲ ಎಂದು ಅತ್ತಳು. ಅಳುವುದಕ್ಕೆ ಒಂಬತ್ತು ದಿನದಲ್ಲಿ ಒಂದು ಗಳಿಗೆಯನ್ನೂ ಕಳೆಯಬೇಡ ಎಂದು ತಂದೆ ಅಂದ. ಬತ್ತಿದ ಹಿರಿಕೆರೆಯಲ್ಲಿ ರಾಜ್ಯಕ್ಕಿಂತ ಹಳೆಯ ಕಪ್ಪೆಯೊಂದಿದೆ, ನೀರಿನ ಗುಟ್ಟು ಅದಕ್ಕೆ ಗೊತ್ತು, ಆದರೆ ಸರಿಯಾಗಿ ನಡೆದುಕೊಳ್ಳದವರನ್ನು ನುಂಗುತ್ತದೆ ಎಂದೂ ಹೇಳಿದ. ಹದವಾದ ಮಣ್ಣಿನ ಮೂರು ಉಂಡೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ತಂಬಿಗೆ ನೀರಿನೊಂದಿಗೆ ಅವಳ ಕೈಗಿಟ್ಟ. ಬೊಮ್ಮಾಜಿ ದೇವರಿಗೆ ಕೈಮುಗಿದು ಹೊರಟಳು.

ನಡೆದಳು. ಬಿಸಿಲು ಏರಿತು, ನಡೆದಳು. ಬಿಸಿಲು ಇಳಿಯಿತು, ನಡೆದಳು. ಎರಡನೆಯ ದಿನ ಹಿರಿಕೆರೆಗೆ ಬಂದಳು.

ಕೆರೆಯ ಅಂಗಳ ಒಣಗಿ ಹಪ್ಪಳದಂತೆ ಮುರುಟಿತ್ತು. ನಡುವೆ ಆನೆಯಷ್ಟು ದೊಡ್ಡ ಕಪ್ಪೆ ಬಾಯಿ ತೆರೆದು ಕೂತಿತ್ತು. ಬಾಯಾರಿದೆ, ನಿನ್ನ ತಂಬಿಗೆಯ ನೀರು ಕೊಡು ಎಂದು ಕೇಳಿತು. ಬೊಮ್ಮಾಜಿ ಬಾಯಿಗೆ ಹುಯ್ಯಲು ತಂಬಿಗೆ ಎತ್ತಿದಳು. ಅಷ್ಟರಲ್ಲಿ ಅವಳ ಕಣ್ಣು ಕಪ್ಪೆಯ ಹೊಟ್ಟೆಯ ಕಡೆ ಹೋಯಿತು. ನೆಲದಲ್ಲಿ ಅಂಗೈಯಗಲ ಕೆಸರು ಉಳಿದಿದ್ದ ಜಾಗಕ್ಕೆ ಅದು ಹೊಟ್ಟೆಯನ್ನು ಒತ್ತಿ ಹಿಡಿದಿತ್ತು, ಕೂಸು ತಾಯಿಗೆ ಅಂಟಿಕೊಂಡಂತೆ. ಅವಳು ತಂಬಿಗೆಯನ್ನು ಬಾಯಿಂದ ತಪ್ಪಿಸಿ, ಬೆನ್ನ ಮೇಲೆ ಸಣ್ಣ ಧಾರೆಯಾಗಿ ಬಿಟ್ಟಳು, ಕೈಯಿಂದ ಸವರಿದಳು. ಕಪ್ಪೆಯ ಚರ್ಮ ನೀರನ್ನು ಹೀರಿತು. ಅದು ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿತು.

"ಹನ್ನೊಂದು ಜನ ಬಾಯಿಗೆ ಹುಯ್ದರು," ಅಂದಿತು. "ಹನ್ನೊಂದು ಜನರೂ ಒಳಗಿದ್ದಾರೆ. ನಾವು ಕಪ್ಪೆಗಳು ಬಾಯಿಂದ ಕುಡಿಯೋರಲ್ಲ ಮಗಳೇ, ತೊಗಲಿನಿಂದ ಕುಡಿಯೋರು. ಕೇಳು, ಏನು ಬೇಕು?"

ಬೊಮ್ಮಾಜಿ ತಂಗಿಯ ಕಷ್ಟ ಹೇಳಿದಳು. ಹಣೆಯಲ್ಲಿ ಜಿಡ್ಡಿದೆ, ಆದರೂ ಬಿರಿಯುತ್ತದೆ, ಇದು ಹೇಗೆ ಎಂದು ಕೇಳಿದಳು.

ಕಪ್ಪೆ ಹೇಳಿತು: "ಎಣ್ಣೆ ಇಲ್ಲದ ಚರ್ಮ ಬೇರೆ, ನೀರಿಲ್ಲದ ಚರ್ಮ ಬೇರೆ. ಒಣ ಚರ್ಮ ಕೆಲವರಿಗೆ ಹುಟ್ಟಿನಿಂದ ಬಂದ ಗುಣ. ಬಾಯಾರಿದ ಚರ್ಮ ಯಾರಿಗೂ ಬರಬಹುದಾದ ಕಷ್ಟ, ಜಿಡ್ಡು ಮೈಯವರಿಗೂ ಬರುತ್ತೆ. ಬಾಯಾರಿದವರಿಗೆ ಎಣ್ಣೆ ಕುಡಿಸಿದರೆ ದಾಹ ಹೋಗುತ್ತದಾ?"

ಕುದಿಯುವ ನೀರು ಚರ್ಮದ ಮೇಲಿನ ಸಹಜವಾದ ಜಿಡ್ಡನ್ನು ಕರಗಿಸಿಬಿಡುತ್ತದೆ, ಬೇಲಿ ಕಿತ್ತ ಹೊಲ ದನಕ್ಕೆ ಸಿಕ್ಕಂತೆ ಪಸೆಯೆಲ್ಲ ಗಾಳಿಗೆ ಸಿಗುತ್ತದೆ ಎಂದು ಕಪ್ಪೆ ತಿಳಿಸಿತು. ನೀರು ಉಗುರುಬೆಚ್ಚಗಿರಲಿ, ತಿಕ್ಕುವುದನ್ನು ಬಿಡು, ಕುಡಿಯಲೂ ಕೊಡು ಎಂದಿತು. ಆದರೆ ಕೊಟ್ಟ ನೀರು ನಿಲ್ಲಬೇಕಲ್ಲ, ನೀರನ್ನು ಹಿಡಿಯುವವರು ಬೇಕು, ಅದಕ್ಕೆ ಮುಳ್ಳುಬಂಡೆಗೆ ಹೋಗು ಎಂದು ದಾರಿ ತೋರಿಸಿತು.

ನಡೆದಳು. ಬಿಸಿಲು ಏರಿತು, ನಡೆದಳು. ಬಿಸಿಲು ಇಳಿಯಿತು, ನಡೆದಳು. ನಾಲ್ಕನೆಯ ದಿನ ಬೆಳಗ್ಗೆ ಮುಳ್ಳುಬಂಡೆಗೆ ಬಂದಳು.

ಅಲ್ಲಿ ಒಂದು ಮುಳ್ಳುಹಂದಿ ಕಾವಲಿತ್ತು. ಅದರ ಒಂದೊಂದು ಮುಳ್ಳೂ ಭರ್ಜಿಯಷ್ಟು ಉದ್ದ. ಅದರ ಮುಂದೆ ಮೂರು ಮಡಕೆಗಳು, ಮೂರೂ ಒಂದೇ ಅಚ್ಚು. ಬೊಮ್ಮಾಜಿಯ ಕಣ್ಣು ಅಭ್ಯಾಸಬಲದಿಂದ ಮಡಕೆಯ ಕಂಠದ ಮೇಲೆ ಹೋದದ್ದನ್ನು ಅದು ಕಂಡಿತು.

"ಕುಂಬಾರರ ಪೈಕಿ ಅಂತ ಗೊತ್ತಾಯಿತು," ಅಂದಿತು. "ಮಡಕೆಗೆ ಹೆಸರಿಡೋಕೆ ಬಂದೆಯೋ, ಒಳಗಿರೋದನ್ನ ನೋಡೋಕೆ ಬಂದೆಯೋ?"

"ಕಂಠ ಸ್ವಲ್ಪ ಸೊಟ್ಟ ಇದೆ ಮಾವ. ಇರಲಿ, ಒಳಗಿರೋದೇ ಬೇಕು."

ಮುಳ್ಳುಹಂದಿ ಮುಳ್ಳು ಅಲುಗಿಸಿ ನಕ್ಕಿತು. ಒಂದರಲ್ಲಿ ನೀರನ್ನು ಹಿಡಿಯುವ ರಸವಿದೆ, ಎರಡರಲ್ಲಿ ನೀರನ್ನು ಓಡಿಸುವ ರಸವಿದೆ, ಸೂರ್ಯ ನೆತ್ತಿಗೆ ಬರುವುದರೊಳಗೆ ಯಾವುದು ಎಂದು ಹೇಳಬೇಕು, ತಪ್ಪಿದರೆ ಮುಳ್ಳಿನ ಹಾಸಿಗೆ ಎಂದಿತು.

ಬೊಮ್ಮಾಜಿ ತಂದೆ ಕೊಟ್ಟ ಮೂರು ಉಂಡೆಗಳನ್ನು ಬಿಚ್ಚಿ ಬಂಡೆಯ ಮೇಲೆ ಇಟ್ಟಳು. ಮೊದಲ ಮಡಕೆಯಲ್ಲಿದ್ದದ್ದು ಹೂವಿನ ಪರಿಮಳದ ಹೆಂಡದ ಸಾರ. ಉಂಡೆಗೆ ಸವರಿದೊಡನೆ ತಣ್ಣಗಾಯಿತು, ಕೈಗೆ ಹಿತವಾಯಿತು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆರಿಹೋಯಿತು. ಎರಡನೆಯದರಲ್ಲಿ ನಿಂಬೆಯ ರಸ. ಉಂಡೆ ಹೊಳಪಾಯಿತು, ಆಮೇಲೆ ಬೆಳ್ಳಗಾಗಿ ಸುಕ್ಕಿತು. ಮೂರನೆಯದರಲ್ಲಿ ಲೋಳೆಸರದ ತಿರುಳಿಗೆ ಜೇನು ಕಲಸಿತ್ತು. ಆ ಉಂಡೆ ಒದ್ದೆಯಾಗಿ ಉಳಿಯಿತು. ಇದೇ ಎಂದು ಹೇಳಲು ಅವಳು ಬಾಯಿ ತೆರೆದಳು.

ಆಗ ಉಪ್ಪಿನ ಬಯಲಿನ ಕಡೆಯಿಂದ ಒಣಗಾಳಿ ಬೀಸಿತು. ನೋಡನೋಡುತ್ತ ಮೂರನೆಯ ಉಂಡೆಯೂ ಬಿರಿಯಿತು, ಉಳಿದೆರಡಕ್ಕಿಂತ ಆಳವಾಗಿ ಬಿರಿಯಿತು. ಮುಳ್ಳುಹಂದಿ ಸೂರ್ಯನನ್ನು ನೋಡಿತು. ಮೂರೂ ಕೆಟ್ಟರೆ ಆರಿಸುವುದು ಯಾವುದನ್ನು? ಆದರೆ ಕುಂಬಾರರ ಮನೆಯಲ್ಲಿ ಒಡೆದ ಮಡಕೆಯನ್ನು ಸುಮ್ಮನೆ ಎಸೆಯುವುದಿಲ್ಲ, ಎಲ್ಲಿಂದ ಒಡೆಯಿತು ಎಂದು ಒಳಗನ್ನು ನೋಡುತ್ತಾರೆ. ಅವಳು ಮೂರು ಉಂಡೆಗಳನ್ನೂ ಮುರಿದಳು. ಮೊದಲೆರಡು ಅಂಚಿನಿಂದ ಒಳಗಿನವರೆಗೆ ಒಣಗಿದ್ದವು. ಮೂರನೆಯದರ ನಡುಭಾಗ ಒಣಗಿತ್ತು, ಅಂಚಿನಲ್ಲಿ ಮಾತ್ರ ಇನ್ನೂ ಪಸೆ ಇತ್ತು.

ಅವಳು ಆ ಪಸೆಯನ್ನು ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಮೂರನೆಯ ಮಡಕೆಯ ಮೇಲೆ ಕೈಯಿಟ್ಟಳು.

"ಇದೇ. ಇದು ನೀರನ್ನು ಹಿಡಿಯೋದು ನಿಜ. ಗಾಳಿಯಲ್ಲಿ ನೀರಿದ್ದರೆ ಗಾಳಿಯಿಂದ ಎಳೆಯುತ್ತೆ. ಗಾಳಿ ಒಣಗಿದ್ದರೆ ಒಳಗಿಂದ ಎಳೆದು ಹೊರಬಾಗಿಲಿಗೆ ತಂದು ನಿಲ್ಲಿಸುತ್ತೆ. ಬಾಗಿಲು ಹಾಕೋರು ಯಾರೂ ಇರಲಿಲ್ಲ, ಗಾಳಿ ಹೊತ್ತುಕೊಂಡು ಹೋಯಿತು. ತಪ್ಪು ಇದರದ್ದಲ್ಲ, ಬಾಗಿಲಿಲ್ಲದ್ದು ತಪ್ಪು."

ಮುಳ್ಳುಹಂದಿ ಮುಳ್ಳುಗಳನ್ನು ಮಡಚಿತು. ತಂಪು ತಂಪು ಎಂದು ಮೊದಲನೆಯದನ್ನು ಆರಿಸಿದವರೂ ಹೊಳಪು ಹೊಳಪು ಎಂದು ಎರಡನೆಯದನ್ನು ಆರಿಸಿದವರೂ ಬೇಕಾದಷ್ಟಿದ್ದರು, ಉಂಡೆ ಮುರಿದು ನೋಡಿದವಳು ನೀನೊಬ್ಬಳೇ ಎಂದಿತು. ಮೂರನೆಯ ಮಡಕೆಯನ್ನು ಕೊಟ್ಟು, ಬಾಗಿಲು ಬೇಕಾದರೆ ಉಪ್ಪಿನ ಬಯಲಿನ ನಡುವಿನ ಎಮ್ಮೆಯನ್ನು ಕಾಣು ಎಂದು ಹೇಳಿತು.

ನಡೆದಳು. ಬಿಸಿಲು ಏರಿತು, ನಡೆದಳು. ಬಿಸಿಲು ಇಳಿಯಿತು, ನಡೆದಳು. ಅವಳ ತುಟಿಯೂ ಒಡೆಯಿತು, ಅಂಗಾಲೂ ಉರಿಯಿತು. ಮಡಕೆಯಿಂದ ಒಂದು ಬೆರಳೂ ತನಗೆಂದು ತೆಗೆದುಕೊಳ್ಳಲಿಲ್ಲ. ಆರನೆಯ ದಿನ ಉಪ್ಪಿನ ಬಯಲಿನ ನಡುವೆ ಬಂದಳು.

ಹುಲ್ಲುಕಡ್ಡಿ ಇಲ್ಲದ ಆ ಬಯಲಿನಲ್ಲಿ ಗುಡ್ಡದಂಥ ಎಮ್ಮೆಯೊಂದು ಮಲಗಿತ್ತು. ಮೈತುಂಬ ಕೆಸರು ಮೆತ್ತಿ ಒಣಗಿತ್ತು. ಎರಡು ಕೊಂಬುಗಳ ನಡುವೆ ಜೇನು ಕಟ್ಟಿತ್ತು. ಅದರ ಸುತ್ತ ಏಳು ಉಪ್ಪಿನ ಬೊಂಬೆಗಳು ನಿಂತಿದ್ದವು, ಒಂದೊಂದರ ಕೈಯಲ್ಲೂ ಒಂದೊಂದು ಹೆರೆಯುವ ಕತ್ತಿ.

"ನನ್ನ ಮೈ ಕೊಳಕಾಗಿದೆ ಅಂತ ಎಲ್ಲರೂ ಅಂತಾರೆ," ಅಂದಿತು ಎಮ್ಮೆ. "ನೀನು ಅರಮನೆಯಲ್ಲಿ ಎರೆಯೋಳು. ನೀನೇನಂತೀಯ ನೋಡೋಣ."

ಬೊಮ್ಮಾಜಿಯ ಕೈ ತುರಿಸಿತು. ತಿಕ್ಕಿ ತೊಳೆದು ಹೊಳೆಯಿಸುವುದೇ ಸೇವೆ ಎಂದು ಕಲಿತ ಕೈ ಅದು. ಅವಳು ಎಮ್ಮೆಯ ಸುತ್ತ ಒಂದು ಸುತ್ತು ಬಂದಳು. ಪಕ್ಕೆಯ ಮೇಲೆ ಒಂದು ಕಡೆ ಕೆಸರು ಉದುರಿ ಚರ್ಮ ಬಿಸಿಲಿಗೆ ಬಿದ್ದಿತ್ತು. ಅಲ್ಲಿ ಮಾತ್ರ ಸುಟ್ಟು ಬಿರಿದಿತ್ತು. ಉಳಿದೆಡೆ ಕೆಸರಿನ ಸಂದಿಯಲ್ಲಿ ಬೆರಳು ತೂರಿಸಿ ನೋಡಿದರೆ ಚರ್ಮ ತಂಪಾಗಿ, ಹಸಿಯಾಗಿ ಇತ್ತು.

ಎಮ್ಮೆಯ ಕಾಲಬಳಿ ಉಳಿದಿದ್ದ ಕೆಸರನ್ನು ತೆಗೆದು, ಹದ ಮಾಡಿ, ಕುಂಬಾರರು ಹಸಿ ಮಡಕೆಯ ತೂತು ಮುಚ್ಚುವಂತೆ ಬಿರಿದ ಜಾಗಕ್ಕೆ ಮೆತ್ತಿ, ಅಂಗೈಯಿಂದ ನುಣ್ಣಗೆ ತಟ್ಟಿದಳು.

ಎಮ್ಮೆ ದೀರ್ಘವಾಗಿ ಉಸಿರು ಬಿಟ್ಟಿತು. ಬಂದ ಏಳು ಜನರೂ ಹೆರೆಯಲು ಹೋದರು, ಹೆರೆದ ಕೈ ಉಪ್ಪಾಯಿತು ಎಂದು ಹೇಳಿತು. ನಿನಗೆ ಬೇಕಾದ ಬಾಗಿಲು ನನ್ನ ಹಾಲಿನಲ್ಲಿದೆ, ಕರೆದುಕೋ ಎಂದಿತು. ಬೊಮ್ಮಾಜಿ ತಂಬಿಗೆ ತುಂಬ ಹಾಲು ಕರೆದಳು. ಆ ಹಾಲು ಒಂದು ಗಳಿಗೆಯಲ್ಲಿ ಮೊಸರಾಯಿತು, ಇನ್ನೊಂದು ಗಳಿಗೆಯಲ್ಲಿ ಬೆಣ್ಣೆಯಾಯಿತು. ಕಾಯಿಸಿ ತುಪ್ಪ ಮಾಡಿದಳು. ಹುಳುಗಳು ಬಿಟ್ಟುಹೋದ ಹಳೆಯ ಜೇನುಗೂಡನ್ನು ಮಾತ್ರ ಕೇಳಿ ತೆಗೆದುಕೊಂಡು, ಮೇಣ ಕರಗಿಸಿ ತುಪ್ಪಕ್ಕೆ ಬೆರೆಸಿದಳು. ಆರಿದಾಗ ಅದು ಬೆರಳಿಗೆ ಹತ್ತುವ ಮುಲಾಮಾಯಿತು.

ಹೊರಡುವಾಗ ಎಮ್ಮೆ ಎರಡು ಮಾತು ಹೇಳಿತು. ಶುಷ್ಕಕೇತು ಕುಡಿದು ಬದುಕುವವನು, ಅವನ ಗಾಳಿ ಬರಿಗೈಯಲ್ಲಿ ಹಿಂತಿರುಗಿದ ದಿನ ಅವನು ಉಳಿಯುವುದಿಲ್ಲ. ಇದು ಒಂದು ಮಾತು.

"ಇನ್ನೊಂದು ಕೇಳು. ಬಾಗಿಲು ಹಾಕೋದು ಮನೆಯಲ್ಲಿ ಜನ ಇರುವಾಗ. ನೀರು ಮೈಮೇಲಿರುವಾಗಲೇ ತಿರುಳು, ತಿರುಳು ಒದ್ದೆಯಿರುವಾಗಲೇ ತುಪ್ಪ. ಒರಸಿದೆಯೋ, ಖಾಲಿ ಮನೆಗೆ ಬೀಗ ಹಾಕಿದ ಹಾಗೆ."

ಬೊಮ್ಮಾಜಿ ನಿಂತಲ್ಲೇ ನಿಂತಳು. ಒದ್ದೆ ಮೈಗೆ ತುಪ್ಪ. ಅದು ಹೆಣಕ್ಕೆ ಮಾಡುವ ಕೆಲಸ. ರಾಣಿಯ ಮುಖ ಕಣ್ಣಿಗೆ ಬಂತು.

ಒಂಬತ್ತನೆಯ ದಿನ ನಡುಮಧ್ಯಾಹ್ನ ಅವಳು ಅರಮನೆ ಮುಟ್ಟಿದಳು. ಬಿರುಕು ಮುಕುಲಾಂಬೆಯ ಎದೆಗಿಂತ ನಾಲ್ಕು ಬೆರಳು ಕೆಳಗಿತ್ತು. ಅಲ್ಲಿಂದ ಕೆಳಗೆ ಅವಳು ಬಿಳಿಯ ಉಪ್ಪಿನ ಬೊಂಬೆ. ಬೊಮ್ಮಾಜಿ ಉಗುರುಬೆಚ್ಚನೆಯ ನೀರು ತರಿಸಿ, ಮೂರು ಬಟ್ಟೆಗಳನ್ನೂ ದೂರ ಇಡಲು ಹೇಳಿ, ತಾನು ಮಾಡಬೇಕಾದದ್ದನ್ನು ವಿವರಿಸಿದಳು. ದಾಸಿಯರು ಕಿವಿ ಮುಚ್ಚಿಕೊಂಡರು. ಮುದುಕಿಯೊಬ್ಬಳು ಅಳಲು ತೊಡಗಿದಳು. ರಾಜನ ಬೆನ್ನ ಹಿಂದೆ ನಿಂತಿದ್ದ ಶುಷ್ಕಕೇತು ನಯವಾಗಿ, ಈ ಹುಡುಗಿ ಜೀವವಿರುವ ಅಮ್ಮಣ್ಣಿಗೆ ಶವಸಂಸ್ಕಾರ ಮಾಡಲು ಬಂದಿದ್ದಾಳೆ, ಇವಳಿಗೆ ಮರಣದಂಡನೆಯೇ ಸರಿ ಎಂದ.

ರಾಣಿ ಕಳಾವತಿ ಮಗಳಿಗೂ ಬೊಮ್ಮಾಜಿಗೂ ನಡುವೆ ಬಂದು ನಿಂತಳು.

"ನಿನ್ನ ತಾಯಿಯ ಹಾಲು ಕುಡಿದ ಮಗು ಇದು. ಇವಳು ಉಸಿರಾಡ್ತಿರುವಾಗಲೇ ಹೆಣದ ಸ್ನಾನ ಮಾಡಿಸ್ತೀಯಾ?"

"ತಾಯಿ, ಹೆಣದ ಮೈ ಕೊನೆಯವರೆಗೂ ಮೃದುವಾಗಿರಲಿ ಅಂತ ನಮ್ಮ ಹಿರಿಯರು ಹಾಗೆ ಮಾಡಿದರು. ಹೋದವರಿಗೆ ಕೊಟ್ಟ ಮರ್ಯಾದೆಯನ್ನ ಇರೋರಿಗೂ ಕೊಡೋಣ ಅಂತ ಕೇಳ್ತಿದ್ದೀನಿ. ಇವಳನ್ನ ಒಣಗಿಸಿದ ಕೈ ನನ್ನದೇ. ಇವಳು ಉಳಿಯದಿದ್ದರೆ ಈ ಕೈಗಳನ್ನ ನೀವೇ ಕಡಿಸಿ, ಆಮೇಲೆ ತಲೆಯನ್ನೂ."

ರಾಜ ತಲೆ ತಗ್ಗಿಸಿದ. ಆಚಾರಕ್ಕೆ ಅವನು ಹೆದರುತ್ತಿದ್ದ, ಮಗಳ ಸಾವಿಗೂ ಹೆದರುತ್ತಿದ್ದ. ಆಗ ಮಂಚದ ಮೇಲಿಂದ ಮುಕುಲಾಂಬೆಯ ಸ್ವರ ಕೇಳಿತು, ಒಣ ಎಲೆ ಸರಿದಂತೆ.

"ಅವ್ವ, ಅರ್ಧ ಸತ್ತಿದ್ದೀನಿ. ಸತ್ತ ಅರ್ಧಕ್ಕೆ ಇದು ಸಲ್ಲೋದೇ. ಇನ್ನರ್ಧ ನನ್ನದು. ಬೊಮ್ಮಕ್ಕನಿಗೆ ಕೊಟ್ಟಿದ್ದೀನಿ."

ರಾಣಿ ಮಗಳನ್ನೇ ನೋಡುತ್ತ ನಿಂತಳು. ನೂರು ವರ್ಷದ ಕಟ್ಟು ಒಂದು ಕಡೆ, ಹನ್ನೆರಡು ವರ್ಷದ ಹರಕೆ ಒಂದು ಕಡೆ. ಆಮೇಲೆ ಅವಳು ತನ್ನ ಕೈಬಳೆಗಳನ್ನು ಮೇಲಕ್ಕೆ ಸರಿಸಿ, ಮಂಚದ ಪಕ್ಕ ನೆಲದ ಮೇಲೆ ಕೂತಳು. ತುಪ್ಪದ ಬಟ್ಟಲು ನನ್ನ ಕೈಗೆ ಕೊಡು, ಪಾಪವಿದ್ದರೆ ಹೆತ್ತವಳಿಗೆ ಬರಲಿ ಎಂದಳು.

ಬೊಮ್ಮಾಜಿ ನೀರು ಬಿಟ್ಟಳು. ತಿಕ್ಕಲಿಲ್ಲ, ಅಂಗೈಯಲ್ಲಿ ಇಳಿಯಬಿಟ್ಟಳು. ನೀರು ಜಾರುವ ಮೊದಲೇ ಲೋಳೆಸರದ ತಿರುಳನ್ನು ತೆಳ್ಳಗೆ ಹರಡಿದಳು. ತಿರುಳು ಆರುವ ಮೊದಲೇ ರಾಣಿ ತುಪ್ಪಮೇಣವನ್ನು ಸವರಿದಳು. ಪಾದದಿಂದ ಮೊಣಕಾಲು, ಮೊಣಕಾಲಿನಿಂದ ಸೊಂಟ, ಸೊಂಟದಿಂದ ಎದೆ. ಮುಂದೆ ಬೊಮ್ಮಾಜಿ, ಹಿಂದೆ ರಾಣಿ, ಎರಡು ಕೈಗಳು ಒಂದರ ಹಿಂದೆ ಒಂದು ಹೋದವು.

ಕಡೆಗೆ ಹಣೆ ಮುಟ್ಟುವಷ್ಟರಲ್ಲಿ ಶುಷ್ಕಕೇತು ವೇಷ ಬಿಟ್ಟ. ಅವನ ಬಾಯಿ ಗುಹೆಯಂತೆ ತೆರೆಯಿತು, ಒಳಗಿಂದ ಉಪ್ಪಿನ ಗಾಳಿ ಹೊರಟಿತು. ಪರದೆಗಳು ಒಣಗಿ ಹರಿದವು, ಹೂಮಾಲೆಗಳು ಪುಡಿಯಾದವು, ಕಂಬದ ಮರ ಚಟಚಟ ಬಿರಿಯಿತು. ಬೊಮ್ಮಾಜಿ ತಂಗಿಯನ್ನು ಬಿಡಲಿಲ್ಲ. ರಾಣಿಯೂ ಕೈ ತೆಗೆಯಲಿಲ್ಲ. ಗಾಳಿ ಮುಕುಲಾಂಬೆಯ ಪಾದ ನೆಕ್ಕಿತು, ತುಪ್ಪ ಮೇಣ ಬಿಟ್ಟರೆ ಏನೂ ಸಿಗಲಿಲ್ಲ. ಸೊಂಟ ನೆಕ್ಕಿತು, ಏನೂ ಸಿಗಲಿಲ್ಲ. ಎದೆ ನೆಕ್ಕಿತು, ಏನೂ ಸಿಗಲಿಲ್ಲ. ಒಳಗೆ ನೀರಿತ್ತು, ನೀರನ್ನು ಹಿಡಿದವರಿದ್ದರು, ಬಾಗಿಲು ಹಾಕಿತ್ತು.

ಹಸಿದ ಗಾಳಿ ತಿರುಗಿ ಬಂದು ತನ್ನ ಒಡೆಯನನ್ನೇ ಹೀರಿತು. ಇಪ್ಪತ್ತರ ಮುಖ ಅರವತ್ತಾಯಿತು, ನೂರಾಯಿತು, ಸುಕ್ಕಿದ ಚರ್ಮದೊಳಗೆ ಮೂಳೆ ಕಂಡಿತು. ಅವನು ಮೊದಲ ಬಾರಿಗೆ ನೀರು ಎಂದು ಬೇಡಿದ. ಬೊಮ್ಮಾಜಿ ತಂಬಿಗೆ ಎತ್ತಿಕೊಂಡು ಹೋದಳು, ಶತ್ರುವಿಗಾದರೂ ನೀರು ಇಲ್ಲ ಎನ್ನಬಾರದು ಎಂದು. ಅವಳು ತಲುಪುವ ಮೊದಲೇ ಅಲ್ಲಿ ಉಳಿದದ್ದು ಒಂದು ಹಿಡಿ ಉಪ್ಪು.

ಅವನ ಮಂಚದ ಕೆಳಗಿನ ಸೋರೆಬುರುಡೆಗಳು ಒಂದೊಂದಾಗಿ ಒಡೆದವು. ಬಿಳಿಯ ಮಂಜು ಬಾಗಿಲುಗಳಿಂದ, ಕಿಟಕಿಗಳಿಂದ ಹೊರಗೆ ಹರಿದು ಊರಿನ ಮೇಲೆ ಇಳಿಯಿತು. ಉಪ್ಪಿನ ಬಯಲಿನ ಏಳು ಬೊಂಬೆಗಳಿಗೆ ಜೀವ ಬಂತು. ಹಿರಿಕೆರೆಯಲ್ಲಿ ನೀರು ನಿಂತಿತು, ಕಪ್ಪೆ ಬಾಯಿ ತೆರೆದು ಹನ್ನೊಂದು ಜನರನ್ನೂ ಹೊರಗೆ ಬಿಟ್ಟಿತು.

ಮುಕುಲಾಂಬೆ ಒಂದೇ ದಿನಕ್ಕೆ ಎದ್ದು ಓಡಾಡಲಿಲ್ಲ. ಆ ಸಂಜೆ ಎದೆಯ ಬಿಗಿತ ಸಡಿಲಿತು, ಅಷ್ಟೇ. ಮೂರನೆಯ ದಿನ ಉಪ್ಪು ಉದುರುವುದು ನಿಂತಿತು. ಒಂಬತ್ತನೆಯ ದಿನ ಕಾಲ್ಬೆರಳು ಅಲುಗಿತು. ಬೆಳಗ್ಗೆ ಸಂಜೆ ತಪ್ಪದೆ ನೀರು, ತಿರುಳು, ತುಪ್ಪ ನಡೆಯಿತು. ನಲವತ್ತನೆಯ ದಿನ ಅವಳು ಬರಿಗಾಲಿನಲ್ಲಿ ಅಂಗಳಕ್ಕಿಳಿದು ಹುಲ್ಲಿನ ಮೇಲೆ ನಿಂತಳು, ತಣ್ಣಗಿದೆ ಬೊಮ್ಮಕ್ಕ ಎಂದು ಹೇಳಿ ಅಲ್ಲೇ ಕೂತು ಅತ್ತಳು. ರಾಣಿ ಕೆಳಗಿಳಿದು ಬಂದು ಇಬ್ಬರ ನಡುವೆ ಕೂತಳು.

ರಾಜ ಡಂಗುರ ಸಾರಿಸಿದ: ಮಿಂದವರು ಒಂದೇ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿಕೊಳ್ಳಲಿ, ಮೈಯಲ್ಲಿ ಪಸೆ ಇರುವಾಗಲೇ ತಿರುಳನ್ನೂ ತುಪ್ಪವನ್ನೂ ಹಚ್ಚಲಿ, ಬದುಕಿರುವವರಿಗೆ ಅದು ದೋಷವಲ್ಲ. ಮೊದಮೊದಲು ಜನ ಹಿಂಜರಿದರು. ರಾಣಿಯೇ ಕೆರೆಯ ಸೋಪಾನದಲ್ಲಿ ಕೂತು ಬಂದ ಕೂಸುಗಳಿಗೆ ಸವರಿ ಕಳಿಸಿದ ಮೇಲೆ ಅಳುಕು ಬಿಟ್ಟರು. ಬೊಮ್ಮಾಜಿ ಏನೂ ಬೇಡಲಿಲ್ಲ, ತಿಗರಿಗೆ ಮರಳಿದಳು. ಮುಳ್ಳುಬಂಡೆಗೆ ಕಂಠ ನೆಟ್ಟಗಿರುವ ಮೂರು ಮಡಕೆಗಳನ್ನು ಕಳಿಸಿಕೊಟ್ಟಳು. ಮಂಜಿನಕೋಟೆಯಲ್ಲಿ ಆಮೇಲೆ ಯಾರ ಮೈಯೂ ಉಪ್ಪಾಗಲಿಲ್ಲ, ಎಲ್ಲರೂ ಸುಖವಾಗಿ ಬಾಳಿದರು.

ಬಸಲಿಂಗವ್ವ ಸೋದರತ್ತೆ ಇಲ್ಲಿಗೆ ನಿಲ್ಲಿಸಿ, ಕೂಸನ್ನು ತಾಯಿಯ ಮಡಿಲಿಗೆ ಕೊಡುತ್ತಿದ್ದರು. ಅವರಿಂದ ಕೇಳಿದ್ದನ್ನು ನಿಮ್ಮ ಕೈಗೆ ಒಪ್ಪಿಸಿದ್ದೇನೆ. ಓದಿದವರು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಕೂಸಿಗೆ ಎರೆಯುವವರು ಯಾರಾದರೂ ಕಂಡರೆ, ಮೈ ಬಿಗಿಯುತ್ತದೆ ಎನ್ನುವವರು ಯಾರಾದರೂ ಎದುರಾದರೆ, ಪಕ್ಕದಲ್ಲಿ ಕೂತು, ಅವಸರ ಮಾಡದೆ, ಮೊದಲಿಂದ ಹೇಳಿ.